ಸಾತ್ವಿಕ ಬ್ಲಾಕಿನಲ್ಲಿ ಎಡೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಬ್ಲಾಕುಗಳಿವೆ. ಎರಡರಲ್ಲಿ ಜನ ಇದ್ದಾರೆ, ಒಂದರಲ್ಲಿ ಸಾತ್ವಿಕರಿದ್ದಾರೆ. ನಾನೂ ನಮ್ಮವ್ವನೂ ಇರೋದು ಸಾತ್ವಿಕರ ಜೊತೆ. ಕೇಳಿಕೊಂಡು ಹೋದದ್ದಲ್ಲ. ಮೈಸೂರಿನ ಹೆಬ್ಬಾಳದಾಚೆ, ರಿಂಗ್ ರೋಡಿನ ಪಕ್ಕದಲ್ಲಿ ನಮ್ಮ ತಾತನ ರಾಗಿ ಹೊಲ ಇತ್ತು. ಅದನ್ನು ಬಿಲ್ಡರ್ ಕೈಗೆ ಕೊಟ್ಟಾಗ ಬದಲಿಗೆ ನಮ್ಮಪ್ಪನಿಗೆ ‘ಎ’ ಬ್ಲಾಕಿನಲ್ಲಿ ಮನೆ ಬಂತು. ಆಗ ಅದು ಬರೀ ‘ಎ’ ಬ್ಲಾಕು. ಆಮೇಲೆ ಬಂದವರು ಒಂದು ಭಾನುವಾರ ಕ್ಲಬ್ ಹೌಸಿನಲ್ಲಿ ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡಿ, ಈ ಬ್ಲಾಕಿನ ಅಡುಗೆಮನೆಗಳಲ್ಲಿ ಮೊಟ್ಟೆಯೂ ಬೇಯಬಾರದು ಅಂತ ಕೈ ಎತ್ತಿ ತೀರ್ಮಾನಿಸಿ, ‘ಸಾತ್ವಿಕ ಬ್ಲಾಕ್’ ಅಂತ ಹಿತ್ತಾಳೆ ಅಕ್ಷರದಲ್ಲಿ ಬರೆಸಿ ಲಿಫ್ಟಿನ ಪಕ್ಕ ಹೊಡೆಸಿದರು. ಆ ಮೀಟಿಂಗಿನಲ್ಲಿ ನಮ್ಮಪ್ಪನೂ ಕೈ ಎತ್ತಿದ್ದ. ಯಾಕಪ್ಪಾ ಎತ್ತಿದೆ ಅಂದರೆ, ಎಲ್ಲರೂ ಎತ್ತಿದರು ಕಣಮ್ಮ, ಏನೋ ಒಳ್ಳೇದಕ್ಕೇ ಇರಬೇಕು ಅಂದುಕೊಂಡೆ ಅಂದ. ಅಂದು ರಾತ್ರಿ ನಾಟಿಕೋಳಿ ಸಾರು ಮಾಡೋದು ಅಂತ ಬೆಳಿಗ್ಗೆಯೇ ಮಸಾಲೆ ಅರೆದಿಟ್ಟಿದ್ದಳು ನಮ್ಮವ್ವ.

ಹಳೇ ಮೈಸೂರಿನಲ್ಲಿ ಇಷ್ಟು ನಾಜೂಕು ಇರಲಿಲ್ಲ. ಯಾರು ಎಲ್ಲಿರಬೇಕು ಅನ್ನೋದನ್ನ ಬೀದಿಯ ಹೆಸರೇ ಹೇಳಿಬಿಡುತ್ತಿತ್ತು. ಅಗ್ರಹಾರ ಅಂದರೆ ಅವರು, ಒಕ್ಕಲಗೇರಿ ಅಂದರೆ ನಾವು, ಬರೀ ಕೇರಿ ಅಂದರೆ ಯಾರು ಅಂತ ಯಾರೂ ಕೇಳುತ್ತಲೂ ಇರಲಿಲ್ಲ. ದೇವರಾಜ ಮೊಹಲ್ಲಾಕ್ಕೆ ಎಲ್ಲರೂ ಹೋಗೋರು, ಎಲ್ಲರ ಅಂಗಡೀಲೂ ಚೌಕಾಸಿ ಮಾಡೋರು, ಕತ್ತಲಾಗುವಷ್ಟರಲ್ಲಿ ಅವರವರ ಬೀದಿಗೆ ಅವರವರು ಸೇರಿಕೊಳ್ಳೋರು. ಅದು ಭಾರೀ ಘನಂದಾರಿ ಕಾಲ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಅದಕ್ಕೆ ಯಾರೂ ಹಿತ್ತಾಳೆ ಬೋರ್ಡು ಹಾಕಿ, ಪಕ್ಕದಲ್ಲೊಂದು ತುಳಸಿ ಕುಂಡ ಇಟ್ಟು, ಲೈಫ್‌ಸ್ಟೈಲ್ ಅಂತ ಕರೆಯುತ್ತಿರಲಿಲ್ಲ. ಈಗ ಜಾತಿ ಕೇಳೋದು ಅಸಭ್ಯ. ಅದಕ್ಕೇ ಊಟ ಕೇಳುತ್ತಾರೆ. ನಾವು ಮನೆಗೆ ಬಂದ ಹೊಸದರಲ್ಲಿ ಎದುರು ಮನೆಯಾಕೆ ನಮ್ಮವ್ವನನ್ನು ಮೊದಲು ಕೇಳಿದ್ದೇ, ನಿಮ್ಮಲ್ಲಿ ಹಬ್ಬಕ್ಕೆ ಏನು ಮಾಡ್ತೀರಿ ಅಂತ.

ನಮ್ಮ ಸೆಕ್ರೆಟರಿ ಇದ್ದಾರಲ್ಲ, ರಿಟೈರ್ಡ್ ಆಫೀಸರು. ಎಂಥ ಬಿಸಿಲಲ್ಲೂ ಇಸ್ತ್ರಿ ಮುರಿಯದ ಬಿಳೀ ಜುಬ್ಬ, ಯಾರನ್ನೂ ಏಕವಚನದಲ್ಲಿ ಮಾತಾಡಿಸದ ಮನುಷ್ಯ. ಅವರಿಗೆ ವೈವಿಧ್ಯ ಅಂದರೆ ಪ್ರಾಣ. ಪ್ರತಿ ವರ್ಷ ಕ್ಲಬ್ ಹೌಸಿನಲ್ಲಿ ವೈವಿಧ್ಯ ದಿನ ಮಾಡಿಸುತ್ತಾರೆ. ಅವತ್ತು ಸಾತ್ವಿಕ ಬ್ಲಾಕಿನವರೇ ಒಬ್ಬರು ಪಂಜಾಬಿ, ಒಬ್ಬರು ಬಂಗಾಳಿ, ಒಬ್ಬರು ಗಡ್ಡ ಅಂಟಿಸಿಕೊಂಡು ಕಾಶ್ಮೀರಿ. ಒಂದು ಸಲ ನಮ್ಮ ಮನೆಗೇ ಬಂದು, ತಾಯಿಯವರು ಹಳ್ಳಿ ಹೆಂಗಸಿನ ವೇಷ ಹಾಕಿಕೊಂಡು ಸೊಂಟದ ಮೇಲೆ ಮಡಕೆ ಇಟ್ಟುಕೊಂಡು ಒಂದು ರೌಂಡ್ ನಡೆದರೆ ಬಹಳ ಆಥೆಂಟಿಕ್ ಆಗಿರುತ್ತೆ ಅಂದರು. ನಮ್ಮವ್ವ, ವೇಷ ಯಾಕೆ ಸಾರ್, ಇದೇ ಸೀರೇಲಿ ಬತ್ತೀನಿ ಅಂದಳು. ಅವರಿಗೆ ಅದು ಅಷ್ಟು ಚೆನ್ನಾಗಿ ಕಾಣಲಿಲ್ಲ. ಮಡಕೆ ಕೊನೆಗೆ ಎದುರು ಮನೆಯಾಕೆಯ ಸೊಂಟ ಸೇರಿ, ಬಹುಮಾನವೂ ಬಂತು.

ಹಾಗಂತ ಬ್ಲಾಕಿನೊಳಗೆ ಮಾಂಸ ಬರೋದೇ ಇಲ್ಲ ಅಂತೇನೂ ಅಲ್ಲ. ಭಾನುವಾರ ಮಧ್ಯಾಹ್ನ ಗೇಟಿನ ಹತ್ತಿರ ಹೋಗಿ ನಿಂತರೆ ಸಾಕು, ಬೈಕುಗಳ ಮೇಲೆ ಡಬ್ಬ ಡಬ್ಬ ಬಿರಿಯಾನಿ ಬಂದು ಸಾತ್ವಿಕರ ಮನೆಗಳಿಗೆ ಏರುತ್ತೆ. ಸೆಕ್ಯೂರಿಟಿಯವನಿಗೆ ಯಾವ ಮನೆಗೆ ಲೆಗ್ ಪೀಸು, ಯಾವ ಮನೆಗೆ ಕಬಾಬು ಅನ್ನೋದೆಲ್ಲ ಬಾಯಿಪಾಠ. ರೂಲ್ಸಿನ ಪ್ರಕಾರ ಅದು ತಪ್ಪಲ್ಲವಂತೆ. ಬೇಯಿಸಿದರೆ ಮಾಂಸ, ಪಾರ್ಸಲ್ ಬಂದರೆ ಫುಡ್ಡು. ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತ ನಮ್ಮಪ್ಪ ನಗುತ್ತಿದ್ದ. ತಾನು ಮಾತ್ರ ಪಾಪ, ಬಾಯಿ ಕೆಟ್ಟಾಗ ಬಸ್ಸು ಹತ್ತಿ ನಜರ್‌ಬಾದಿನ ಮಿಲ್ಟ್ರಿ ಹೋಟೆಲ್ಲಿಗೆ ಹೋಗಿ ಮುದ್ದೆ, ಬೋಟಿ ಗೊಜ್ಜು ಉಂಡು, ಎಲೆಯಡಿಕೆ ಹಾಕಿಕೊಂಡು, ಕಳ್ಳನ ಹಾಗೆ ವಾಪಸ್ಸು ಬರುತ್ತಿದ್ದ. ತನ್ನ ಹೊಲದ ಮೇಲೆ ತನ್ನ ಊಟ ಉಣ್ಣೋಕೆ ಆಗದೆ ಹೋದ ಗೌಡ ಅವನು. ನನಗೆ ಹೊಟ್ಟೆ ಉರಿಯುತ್ತಿತ್ತು, ಅವನು ಮಾತ್ರ ಒಂದು ದಿನಕ್ಕೂ ಜಗಳ ಆಡಲಿಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ತನ್ನಪ್ಪನ ಪಕ್ಕ ಮಲಗಬೇಕು ಅಂತ ಅವನ ಆಸೆ. ನಮ್ಮ ಕಡೆ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡೋದು. ತಾತನೂ ಈ ಹೊಲದಲ್ಲೇ ಎಲ್ಲೋ ಇದ್ದಾನೆ. ಆದರೆ ಈಗ ಹೊಲ ಎಲ್ಲಿದೆ? ಅಪ್ಪನನ್ನು ಊರಾಚೆ ಯಾರ್ಯಾರದೋ ಮಧ್ಯೆ ಮಣ್ಣು ಮಾಡಿ ಬಂದೆವು. ಅವತ್ತಿನಿಂದ ನಮ್ಮವ್ವನಿಗೆ ಒಂದೇ ಜಪ. ಪಕ್ಷದ ಹಬ್ಬ ಬರಲಿ, ಮಾಲಯ ಅಮಾಸೆ ದಿನ ನಿಮ್ಮಪ್ಪನಿಗೆ ಮೊದಲನೇ ಎಡೆ ಇಡಬೇಕು, ಅವನಿಗೆ ಬೇಕಾದ್ದೆಲ್ಲ ಮಾಡಿ ಇಡಬೇಕು, ಮಣ್ಣಂತೂ ಸಿಗಲಿಲ್ಲ, ಒಂದು ತುತ್ತಾದರೂ ಅವನ ಜಾಗದಲ್ಲಿ ಸಿಗಲಿ.

ಎಡೆ ಅಂದರೆ ಸುಮ್ಮನೆ ಎಲೆ ಮೇಲೆ ಎರಡು ಹೋಳಿಗೆ ಇಟ್ಟು ಕೈ ಮುಗಿಯೋದಲ್ಲ. ಸತ್ತವರು ಬದುಕಿದ್ದಾಗ ಏನು ಉಣ್ಣುತ್ತಿದ್ದರೋ ಅದೆಲ್ಲ ಬೇಕು. ಮುದ್ದೆ, ಮಟನ್ ಸಾರು, ಬೋಟಿ, ಕೈಮ ಉಂಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರು, ಮೇಲೆ ಹೊಸ ಪಂಚೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಆಚೆ ನಿಲ್ಲಬೇಕು. ಆವಾಗ ಹಿರೀಕರು ಬಂದು ಉಣ್ಣುತ್ತಾರೆ. ನಮ್ಮ ಮನೆಯಲ್ಲಿ ಇನ್ನೂ ಒಂದು ಪದ್ಧತಿ ಉಂಟು. ನಮ್ಮ ಹೊಲದಲ್ಲಿ ತಲೆಮಾರಿನಿಂದ ದುಡಿದ, ನಮ್ಮ ಮನೆಯ ಹೆಣಗಳಿಗೆ ಗುಂಡಿ ತೋಡಿದ ಕೇರಿಯ ಮನೆಯೊಂದಿದೆ. ಹಳೇಮಗನ ಮನೆ ಅನ್ನುತ್ತೇವೆ. ಆ ಮನೆಯವರು ಬಂದು, ನಮ್ಮ ಅಂಗಳದ ಮೂಲೆಯಲ್ಲಿ ಕೂತು ಉಂಡು, ಹೊಟ್ಟೆ ತುಂಬ್ತು ಅನ್ನಬೇಕು. ಆ ಮಾತು ಬಂದಮೇಲೇ ಎಡೆ ಎತ್ತೋದು, ನಾವು ಉಣ್ಣೋದು. ಅವರು ಅನ್ನದಿದ್ದರೆ ಹಿರೀಕರು ಹಸಿದುಕೊಂಡೇ ಹೋದ ಹಾಗೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಆ ಮನೆಯ ಸೊಸೆ ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಹೌಸ್‌ಕೀಪಿಂಗಿನವಳು. ನೀಲಿ ಕೋಟು ಹಾಕಿಕೊಂಡು ಮೆಟ್ಟಿಲು ಒರೆಸುತ್ತಾಳೆ, ಕಸ ಎತ್ತುತ್ತಾಳೆ. ಹತ್ತಿರ ಹತ್ತಿರ ನನ್ನದೇ ವಯಸ್ಸು. ನಮ್ಮವ್ವನಿಗೆ ಅವಳ ಮೇಲೆ ಪ್ರೀತಿ ಇದೆ, ಇಲ್ಲ ಅನ್ನೋಕಾಗಲ್ಲ. ದಿನಾ ಕಾಫಿ ಕೊಡುತ್ತಾಳೆ. ಬಾಗಿಲಾಚೆ ನಿಲ್ಲಿಸಿ, ಪೇಪರ್ ಲೋಟದಲ್ಲಿ. ಹಿಂದೆ ತೆಂಗಿನ ಚಿಪ್ಪು ಇತ್ತು, ತೊಳೆದು ಬೇಲಿಗೆ ಸಿಕ್ಕಿಸಬೇಕಿತ್ತು. ಪೇಪರ್ ಲೋಟ ಬಂದು ಎಲ್ಲರ ಮರ್ಯಾದೆ ಉಳಿಸಿತು. ಯಾಕವ್ವ, ಸ್ಟೀಲ್ ಲೋಟ ಇಲ್ವಾ ಅಂತ ನಾನು ಎಷ್ಟೋ ಸಲ ಕಿತ್ತಾಡಿದ್ದೀನಿ. ನೀನು ಸುಮ್ಮನಿರು ಮಗ, ಅವಳೇ ಏನೂ ಅನ್ನಲ್ಲ ಅಂತಾಳೆ.

ಅಮಾವಾಸ್ಯೆ ಹತ್ತಿರ ಬಂತು. ಪೇಟೆಯಲ್ಲೆಲ್ಲ ದಸರಾ ದೀಪದ ಸರ ಕಟ್ಟುತ್ತಿದ್ದರು. ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಹೆಂಗೋ ಕದ್ದು ಬೇಯಿಸಿಬಿಡೋಣ ಅಂದೆ ನಾನು. ಹಾಗೆ ಎರಡು ಮೂರು ಸಲ ಮಾಡಿದ್ದೆವು, ಒಂದು ಸಲ ಸಿಕ್ಕಿಬಿದ್ದು ಬ್ಲಾಕಿನ ವಾಟ್ಸಾಪ್ ಗ್ರೂಪಿನಲ್ಲಿ ಮೂಗು ಮುಚ್ಚಿಕೊಂಡ ಗೊಂಬೆಗಳ ಮಳೆಯೇ ಬಂದಿತ್ತು. ನಮ್ಮವ್ವ ಒಪ್ಪಲಿಲ್ಲ. ಹಿರೀಕರಿಗೆ ಕದ್ದು ಹಾಕಿದ ಅನ್ನ ದಕ್ಕಲ್ಲ, ಹೇಳಿಯೇ ಮಾಡೋಣ ಅಂತ ನನ್ನನ್ನೂ ಎಳೆದುಕೊಂಡು ಬೆಳಬೆಳಿಗ್ಗೆಯೇ ಸೆಕ್ರೆಟರಿಯನ್ನು ಹುಡುಕಿಕೊಂಡು ಹೊರಟಳು.

ಅವರು ಧ್ಯಾನದ ಲಾನಿನ ಹತ್ತಿರ ಇದ್ದರು. ಹಿಂದುಗಡೆ ಹಳ್ಳದ ಕಡೆಗೆ ಇಳಿಜಾರಾಗಿ ಒಂದು ಹುಲ್ಲಿನ ಹಾಸು ಇದೆ. ಹೊಲ ಇದ್ದಾಗ ಅದು ತಗ್ಗಿನ ಮೂಲೆ, ನೀರು ನಿಲ್ಲುತ್ತೆ ಅಂತ ಬಿಲ್ಡರ್ ಏನೂ ಕಟ್ಟದೆ ಬಿಟ್ಟಿದ್ದ ಜಾಗ. ದಿನಾ ಬೆಳಿಗ್ಗೆ ಬ್ಲಾಕಿನವರು ಅಲ್ಲಿ ಚಾಪೆ ಹಾಸಿಕೊಂಡು, ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ಮೈಸೂರಿನಲ್ಲಿ ಎಲ್ಲಿ ಕೂತರೂ ಸಿಗದ ಒಂದು ಶಕ್ತಿ ಆ ಜಾಗದಲ್ಲಿ ಇದೆಯಂತೆ. ಬೆನ್ನುಮೂಳೆಯಲ್ಲಿ ಜುಂ ಅನ್ನುತ್ತಂತೆ. ಯಾರೋ ದೊಡ್ಡ ತಪಸ್ವಿಗಳು ಓಡಾಡಿದ ನೆಲ ಇರಬೇಕು ಅಂತ ಸೆಕ್ರೆಟರಿ ನನಗೇ ಒಂದು ಸಲ ಹೇಳಿದ್ದರು. ಅಲ್ಲಿ ನಮ್ಮ ತಾತನ ಕಾಲದಲ್ಲಿ ಓಡಾಡುತ್ತಿದ್ದದ್ದು ಎಮ್ಮೆ.

ನಮ್ಮವ್ವ ವಿಷಯ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಬೇಡ ಅನ್ನಲೇ ಇಲ್ಲ, ಆ ಜನ ಯಾವತ್ತೂ ಬೇಡ ಅನ್ನಲ್ಲ. ನಿಮ್ಮ ಸಂಪ್ರದಾಯದ ಬಗ್ಗೆ ನಮಗೆ ಅಪಾರ ಗೌರವ ಇದೆ ತಾಯಿ, ಅದೇ ತಾನೇ ವೈವಿಧ್ಯ ಅಂದರು. ಆಮೇಲೆ ದಾರಿಗಳನ್ನು ತೋರಿಸಿದರು. ‘ಬಿ’ ಬ್ಲಾಕಿನಲ್ಲಿ ಯಾರ ಮನೆಯಲ್ಲಾದರೂ ಬೇಯಿಸಿಕೊಳ್ಳಬಹುದಲ್ಲ. ಸೋಯಾದಲ್ಲಿ ಈಗ ಎಲ್ಲ ಬರುತ್ತೆ, ಗೊತ್ತೇ ಆಗಲ್ಲ. ಅದೂ ಬೇಡ ಅಂದರೆ ಹೊರಗಿನಿಂದ ತರಿಸಿ ಡಬ್ಬದಲ್ಲೇ ಫೋಟೋ ಮುಂದೆ ಇಟ್ಟರಾಯಿತು, ಪಾರ್ಸಲ್ಲಿಗೆ ಅಭ್ಯಂತರವೇ ಇಲ್ಲ. ಗಂಡ ಸತ್ತ ಹೆಂಗಸಿಗೆ ಅವನ ಮೊದಲನೇ ಎಡೆಯನ್ನು ಹೋಟೆಲ್ ಡಬ್ಬದಲ್ಲಿ ಇಡು ಅಂತ ಅಷ್ಟು ಮೆತ್ತಗೆ, ಅಷ್ಟು ಬಹುವಚನದಲ್ಲಿ ಹೇಳಿದ್ದನ್ನು ನಾನು ಎಲ್ಲೂ ಕೇಳಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನೀವು ದಿನಾ ಕಣ್ಮುಚ್ಕೊಂಡು ಕೂರ್ತೀರಲ್ಲ ಸಾರ್, ಅದು ನಮ್ ಮಾವನವ್ರ ಎದೆ ಮೇಲೆ. ಅವ್ರನ್ನ ಮಣ್ಣು ಮಾಡಿರೋದು ಇಲ್ಲೇಯ. ಮನೇಲಿ ಬೇಯ್ಸಬ್ಯಾಡಿ ಅಂದ್ರೆ ಬುಡಿ, ಇಲ್ಲೇ ಮೂರು ಕಲ್ಲು ಹೂಡಿ ಬೇಯ್ಸಿ, ಇಲ್ಲೇ ಎಡೆ ಇಡ್ತೀನಿ.”

ಕಣ್ಣು ಮುಚ್ಚಿಕೊಂಡು ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಕಣ್ಣು ತೆರೆದರು. ಸೆಕ್ರೆಟರಿ ನಕ್ಕಂತೆ ಮಾಡಿ, ಇದಕ್ಕೆ ಏನಾದರೂ ಆಧಾರ ಇದೆಯಾ ತಾಯಿ ಅಂದರು. ಅಲ್ಲೇ ಕಾಲುದಾರಿ ಗುಡಿಸುತ್ತಾ ನಮ್ಮ ಹಳೇಮಗನ ಮನೆ ಸೊಸೆ ಇದ್ದಳು. ನಮ್ಮವ್ವ ಅವಳ ಕಡೆ ತಿರುಗಿ, ನೀನೇ ಹೇಳಮ್ಮಿ ಅಂದಳು. ಅವಳು ಪೊರಕೆ ಹಿಡಿದುಕೊಂಡೇ ನಮ್ಮವ್ವನ ಮುಖ ನೋಡಿದಳು. ಒಂದು ಗಳಿಗೆ ನೋಡಿದಳು. ಆಮೇಲೆ ಸೆಕ್ರೆಟರಿಗೆ, ಊ ಸಾರ್, ಗೌಡ್ರನ್ನ ಇಲ್ಲೇ ಮಡಗಿರೋದು, ಗುಂಡಿ ತೋಡಿದ್ದು ನಮ್ ಮಾವನೇ ಅಂತ ಹೇಳಿ, ಮತ್ತೆ ಗುಡಿಸೋಕೆ ಶುರು ಮಾಡಿದಳು.

ಇದ್ದಿದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವರು ಒದೆಯಲಿಲ್ಲ, ಚಾಪೆ ಸುತ್ತಿಕೊಂಡು ಎದ್ದರು. ಮಾರನೇ ದಿನ ಲಾನಿನಲ್ಲಿ ಒಂದು ನರಪಿಳ್ಳೆ ಇಲ್ಲ. ಅಷ್ಟು ದಿನ ಬೆನ್ನುಮೂಳೆಯಲ್ಲಿ ಜುಂ ಅಂದದ್ದು ಒಬ್ಬ ಬೀಡಿ ಸೇದೋ ರೈತನ ದೆಸೆಯಿಂದ ಅಂತ ಗೊತ್ತಾದ ಕೂಡಲೇ ಎಲ್ಲರ ಬೆನ್ನೂ ನೋಯೋಕೆ ಶುರುವಾಯಿತು. ಎದುರು ಮನೆಯಾಕೆ ಸ್ನಾನದ ಮೇಲೆ ಸ್ನಾನ ಮಾಡಿದರಂತೆ. ಗ್ರೂಪಿನಲ್ಲಿ ಶಾಂತಿ ಹೋಮ ಅಂದರು, ವಾಸ್ತು ಅಂದರು, ಫ್ಲ್ಯಾಟಿನ ರೇಟು ಬಿದ್ದುಹೋಗುತ್ತೆ ಅಂತಲೂ ಒಬ್ಬರು ಅಂದರು. ನನಗೆ ಒಳಗೊಳಗೇ ಹಬ್ಬ. ತಾತ ಬದುಕಿದ್ದಾಗ ಇಷ್ಟು ಜನರನ್ನು ಹೆದರಿಸಿರಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಸೆಕ್ರೆಟರಿ ನಮ್ಮ ಮನೆಗೆ ಬಂದರು, ಕೈಯಲ್ಲಿ ಹಣ್ಣಿನ ತಟ್ಟೆ ಬೇರೆ. ಪುರೋಹಿತರನ್ನು ಕೇಳಿಸಿದರಂತೆ. ಹೋಮ ಗೀಮ ಆಮೇಲೆ, ಮಲಗಿರುವ ಹಿರಿಯರನ್ನು ಅವರ ವಂಶದವರೇ ಮೊದಲು ತೃಪ್ತಿಪಡಿಸಬೇಕು ಅಂದರಂತೆ. ಆದ್ದರಿಂದ ತಾಯಿಯವರು ಮನೆಯಲ್ಲಿ ಏನು ಬೇಕಾದರೂ ಬೇಯಿಸಬಹುದು, ಈ ಒಂದು ದಿನಕ್ಕೆ ಬ್ಲಾಕಿನವರ ಅಭ್ಯಂತರವಿಲ್ಲ, ಆದರೆ ದಯವಿಟ್ಟು ಲಾನಿನಲ್ಲೂ ಒಂದು ಎಡೆ ಇಟ್ಟುಬಿಡಬೇಕು. ಇಷ್ಟು ಹೇಳಿ, ಸ್ವಲ್ಪ ತಡೆದು, ಅಲ್ಲಿ ಇಡೋದನ್ನ ಮಾತ್ರ ವೆಜ್ ಮಾಡಬಹುದಾ ಅಂತ ಕೇಳಿದರು.

ನಮ್ಮವ್ವ, ನಮ್ ಮಾವನವ್ರು ವೆಜ್ ಅಲ್ಲ ಸಾರ್ ಅಂದಳು.

ಅಮಾವಾಸ್ಯೆ ಹಿಂದಿನ ದಿನ ನಾನೇ ಹೋಗಿ ನಜರ್‌ಬಾದಿನಿಂದ ಮಟನ್ನು, ಬೋಟಿ ತಂದೆ. ನಾನು ಕೆಲಸ ಮಾಡೋ ಫ್ಯಾಕ್ಟರಿಯ ಬಸ್ಸಿನಲ್ಲಿ ಯಾರ ಬುತ್ತಿಗೆ ಯಾರು ಬೇಕಾದರೂ ಕೈ ಹಾಕುತ್ತಾರೆ. ಅಲ್ಲಿ ನನ್ನ ಕೈಚೀಲ ನೋಡಿ ಎಲ್ಲರೂ ಹಬ್ಬ ಜೋರಾ ಅಂದರು, ಗೇಟಿನೊಳಗೆ ಬಂದಮೇಲೆ ಲಿಫ್ಟಿನಲ್ಲಿದ್ದವರು ಗೋಡೆಗೆ ಅಂಟಿಕೊಂಡರು. ಬೆಳಗಿನ ಜಾವದಿಂದ ನಮ್ಮವ್ವ ಒಲೆ ಮುಂದೆ. ಕಿಟಕಿಗಳನ್ನೆಲ್ಲ ಅವಳೇ ತೆರೆದಳು, ಬಾಗಿಲನ್ನೂ ತೆರೆದಳು. ಸಾರಿನ ಘಮ ಸಾತ್ವಿಕ ಬ್ಲಾಕಿನ ಎಲ್ಲ ಮಹಡಿಗೂ ಹತ್ತಿ ಇಳಿಯಿತು. ಮೇಲಿನ ಮನೆಯ ಹುಡುಗಿ ಮೆಟ್ಟಿಲ ಹತ್ತಿರ ನಿಂತು, ಆಂಟಿ ಏನು ಮಸಾಲೆ ಹಾಕ್ತಾರೆ ಅಂತ ನನ್ನನ್ನು ಪಿಸುಗುಟ್ಟಿ ಕೇಳಿದಳು. ಅವರಮ್ಮ ಒಳಗಿನಿಂದ ಕೂಗಿದರು, ಅವಳು ಓಡಿದಳು.

ಮೊದಲು ಲಾನಿಗೆ ಹೋದೆವು. ಬಾಳೆಲೆ ಹಾಸಿ, ಮುದ್ದೆ ಮಟನ್ನು ಬಡಿಸಿ, ಬೀಡಿ ಇಟ್ಟು, ನಮ್ಮವ್ವ ಧೂಪ ಹಾಕಿದಳು. ಬಾಲ್ಕನಿಗಳ ತುಂಬ ಸಾತ್ವಿಕರು ಕೈ ಮುಗಿದುಕೊಂಡು ನಿಂತಿದ್ದರು. ಮೂಗು ಮುಚ್ಚಿಕೊಳ್ಳೋಕೆ ಕೈ ಇರಲಿಲ್ಲ ಪಾಪ. ಸೆಕ್ರೆಟರಿ ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತು, ಕ್ವಾರ್ಟರ್ ಬಾಟಲಿ ಹೊರಬಂದಾಗ ಆಕಾಶ ನೋಡಿದರು. ಎಲ್ಲ ಆದಮೇಲೆ ಮನೆಗೆ ಬಂದು ಅಪ್ಪನ ಫೋಟೋ ಮುಂದೆ ದೊಡ್ಡ ಎಡೆ ಇಟ್ಟೆವು. ಬಾಗಿಲು ಮುಂದೆ ಮಾಡಿ ಕಾರಿಡಾರಿನಲ್ಲಿ ನಿಂತಾಗ ನಮ್ಮವ್ವ ಮೊದಲನೇ ಸಲ ಅತ್ತಳು. ಬಂದಿರ್ತಾನೆ ಅಲ್ವಾ ಮಗ, ಗೇಟಿನೋರು ಬುಟ್ಟಿರ್ತಾರೆ ಅಲ್ವಾ ಅಂತ ಕೇಳಿದಳು. ಬಿಟ್ಟಿರ್ತಾರೆ ಕಣವ್ವ, ಅವನ ಹೊಲ ಅಲ್ವಾ ಅಂದೆ. ನನಗೂ ಕಣ್ಣು ತುಂಬಿ ಬಂತು.

ಇನ್ನು ಉಳಿದದ್ದು ಒಂದೇ. ಹಳೇಮಗನ ಮನೆಯವರು ಉಂಡು ಒಂದು ಮಾತು ಹೇಳಬೇಕು. ಅವಳು ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ಮಧ್ಯಾಹ್ನ ಇಳಿದ ಮೇಲೆ ಬಂದಳು. ನಮ್ಮವ್ವ ಆಗಲೇ ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನೆಲ ಒರೆಸಿ ಪೇಪರ್ ತಟ್ಟೆ ಇಟ್ಟಿದ್ದಳು. ಅಂಗಳ ಇಲ್ಲದ ಮನೆಗೆ ಕಾರಿಡಾರೇ ಅಂಗಳ ತಾನೇ. ಅವಳು ತಟ್ಟೆ ನೋಡಿದಳು, ಮೇಲೆ ನೋಡಿದಳು.

“ಇಲ್ಲಿ ಕೂತ್ಕೊಂಡು ಉಣ್ಣಂಗಿಲ್ಲ ಕಣ್ರಮ್ಮ, ಕ್ಯಾಮ್ರಾ ಅದೆ,” ಅಂದಳು.

ನಿಜ. ಹೌಸ್‌ಕೀಪಿಂಗಿನವರು ಕಾರಿಡಾರಿನಲ್ಲಾಗಲಿ, ಮೆಟ್ಟಿಲ ಮೇಲಾಗಲಿ ಕೂತು ತಿನ್ನಬಾರದು ಅಂತ ಅಸೋಸಿಯೇಷನ್ನಿನ ರೂಲ್ಸು. ಒಂದು ಸಲ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದದ್ದಕ್ಕೆ ಅವಳ ಫೋಟೋ ಗ್ರೂಪಿಗೇ ಬಂದಿತ್ತು. ತಗೊಂಡೋಗಿ ಎಲ್ಲಾದರೂ ಉಣ್ಣು ಅನ್ನೋ ಹಾಗೂ ಇಲ್ಲ, ನಮ್ಮ ಜಾಗದಲ್ಲೇ ಉಂಡು ಹೇಳಬೇಕು. ನಮ್ಮವ್ವ ಕ್ಯಾಮೆರಾ ನೋಡಿದಳು, ಹೊಸಿಲು ನೋಡಿದಳು, ಒಳಗೆ ಅಪ್ಪನ ಎಡೆ ನೋಡಿದಳು. ಗಂಡ ಹಸಿದುಕೊಂಡು ಹೋಗಬೇಕೋ, ಇವಳು ಒಳಗೆ ಬರಬೇಕೋ. ಇಷ್ಟು ವರ್ಷ ನಾನು ಕಿತ್ತಾಡಿ ಮಾಡಿಸಲಾಗದೆ ಹೋದದ್ದನ್ನ ಸಾತ್ವಿಕರ ಕ್ಯಾಮೆರಾ ಮಾಡಿಸಿತು. ಒಳಕ್ಕೆ ಬಾಮ್ಮಿ ಅಂದಳು ನಮ್ಮವ್ವ, ಪೇಪರ್ ತಟ್ಟೆ ಎತ್ತಿಕೊಂಡು.

ಅವಳು ಬಂದಳು. ನೆಲದ ಮೇಲೆ ಕೂರುತ್ತಾಳೆ ಅಂದುಕೊಂಡಿದ್ದೆವೋ ಏನೋ. ಅವಳು ನೆಟ್ಟಗೆ ಹೋಗಿ ಊಟದ ಟೇಬಲ್ಲಿನ ಕುರ್ಚಿ ಎಳೆದುಕೊಂಡಳು, ನಮ್ಮಪ್ಪ ಕೂರುತ್ತಿದ್ದ ಕುರ್ಚಿ. ನಮ್ಮವ್ವನ ಕೈ ಪೇಪರ್ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿತು. ನಾನು ಹೋಗಿ ಒಂದು ಬಾಳೆಲೆ ತಂದು ಹಾಸಿದೆ, ಬಡಿಸಿದೆ. ಅವಳು ಅವಸರವಿಲ್ಲದೆ ಉಂಡಳು. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಬೋಟಿ ಎರಡು ಸಲ ಹಾಕಿಸಿಕೊಂಡು, ಕೊನೆಗೆ ಕಜ್ಜಾಯ. ಎಲೆ ಮಡಚಿದಳು. ನಮ್ಮವ್ವ ಆ ಮಾತಿಗೆ ಕಾಯುತ್ತಾ ನಿಂತೇ ಇದ್ದಳು. ಹ್ಞೂಂ ಹೇಳು ಅಂತಲೂ ಅಂದಳು.

“ಬೆಳಿಗ್ಗೆ ಹುಲ್ಲಿನ ಮೇಲೆ ಉಂಡಿದ್ದು ನಮ್ ಮಾವ ಕಣ್ರಮ್ಮ. ನಿಮ್ ಮಾವನವ್ರು ಇನ್ನೂ ಹಸ್ಕೊಂಡವ್ರೆ. ಎಂಗ್ ಹೇಳ್ಲಿ ನಾನು?”

ನನಗೆ ಏನೂ ಅರ್ಥವಾಗಲಿಲ್ಲ. ನಮ್ಮವ್ವನಿಗೆ ಅರ್ಥವಾಗಿತ್ತು, ತಲೆ ತಗ್ಗಿಸಿದಳು. ಹಿಂದೆ ಕೇರಿಯವರಿಗೆ ಹೆಣ ಹೂಳೋಕೆ ಅಂತ ಜಾಗವಿರಲಿಲ್ಲ. ನಮ್ಮ ತಾತ ದೊಡ್ಡ ಮನಸ್ಸು ಮಾಡಿ ಹೊಲದ ತಗ್ಗಿನ ಮೂಲೆ, ಎಮ್ಮೆ ಹೊರಳೋ ಕಡೆ, ಅವಳ ಮಾವನಿಗೆ ಬಿಟ್ಟುಕೊಟ್ಟಿದ್ದನಂತೆ, ಆಮೇಲೆ ಆ ಮಾವನನ್ನೂ ಅಲ್ಲೇ ಮಣ್ಣು ಮಾಡಿದರಂತೆ. ಅದೇ ಈಗಿನ ಧ್ಯಾನದ ಲಾನು. ತಾತನನ್ನು ಮಣ್ಣು ಮಾಡಿದ್ದು ಮೇಲ್ಗಡೆ, ರಸ್ತೆ ಬದಿಯ ಒಳ್ಳೇ ಜಾಗದಲ್ಲಿ. ಆ ಒಳ್ಳೇ ಜಾಗದಲ್ಲಿ, ಲಾರಿ ಬರೋಕೆ ಅನುಕೂಲ ಅಂತ, ಬಿಲ್ಡರ್ ಕಸದ ರೂಮು ಕಟ್ಟಿದ್ದಾನೆ. ಅಪ್ಪನಿಗೂ ಗೊತ್ತಿತ್ತು, ನಮ್ಮವ್ವನಿಗೂ ಗೊತ್ತಿತ್ತು. ಮಾನಕ್ಕೆ ಅಂಜಿ ಇಬ್ಬರೂ ನನಗೂ ಹೇಳಿರಲಿಲ್ಲ. ಕಸದ ರೂಮಿನ ಹೆಸರು ಹೇಳಿದರೆ ಯಾರು ಹೆದರುತ್ತಾರೆ ಅಂತ ಅವತ್ತು ನಮ್ಮವ್ವ ಇನ್ನೊಬ್ಬರ ಹೆಣವನ್ನು ನಮ್ಮದು ಮಾಡಿಕೊಂಡಿದ್ದಳು. ಅದನ್ನು ಇವಳ ಬಾಯಿಂದಲೇ ಹೌದು ಅನ್ನಿಸಿದ್ದಳು.

ನೀನ್ಯಾಕೆ ಒಪ್ಪಿಕೊಂಡೆ, ಅಲ್ಲೇ ಹೇಳಬೇಕಿತ್ತು ಅಂದೆ ನಾನು. ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಿರಲಿಲ್ಲ.

“ಗೌಡ್ರು ಅಂದ್ರೆ ಕೈ ಮುಗೀತಾರೆ ಕಣಕ್ಕ. ಅಲ್ಲಿರೋದು ನಮ್ಮೋರು ಅಂತ ಗೊತ್ತಾಗಿದ್ರೆ ಅವತ್ತೇ ಜೆಸಿಬಿ ತರ್ಸೋರು,” ಅಂದಳು. ದನಿ ಏರಿಸಲಿಲ್ಲ. ನಮ್ಮ ಮಾವ ಅಲ್ಲಿ ಉಳೀಲಿ ಅಂತಲೇ ನಾನೂ ಸುಳ್ಳು ಹೇಳಿದ್ದು, ನಿಮಗೋಸ್ಕರ ಅಲ್ಲ ಅಂತಲೂ ಸೇರಿಸಿದಳು.

ನಮ್ಮವ್ವ ಕೈಯಲ್ಲಿದ್ದ ಪೇಪರ್ ತಟ್ಟೆಯನ್ನು ಮುದುರಿ ಹಾಕಿ, ಒಳಗೆ ಹೋಗಿ, ಇನ್ನೊಂದು ಎಲೆಗೆ ಮುದ್ದೆ, ಸಾರು, ಬೋಟಿ ಎಲ್ಲ ಹಾಕಿಕೊಂಡು ಬಂದಳು. ನಡಿಯಮ್ಮಿ ಅಂದಳು.

ಲಿಫ್ಟಿನಲ್ಲಿ ಮೂವರೂ ಇಳಿದೆವು. ಗೇಟಿನ ಪಕ್ಕ ಕಸದ ರೂಮು. ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ ಪ್ರವೇಶ’ ಅಂತ ಬೋರ್ಡು, ಬೀಗದ ಕೈ ಅವಳ ಸೊಂಟದಲ್ಲಿ. ಅವಳು ಬಾಗಿಲು ತೆರೆದಳು. ಗಬ್ಬು ನಾತ ಮುಖಕ್ಕೆ ಹೊಡೆಯಿತು, ನಮ್ಮವ್ವ ಸೆರಗನ್ನು ಮೂಗಿಗೆ ತೆಗೆದುಕೊಂಡು ಹೋಗಿ, ಅರ್ಧಕ್ಕೇ ಬಿಟ್ಟಳು. ಒಳಗೆ ಕಾಲಿಡೋಕೆ ಹೋದರೆ ಅವಳು ಕೈ ಅಡ್ಡ ಹಿಡಿದಳು. ನಿಮ್ಮನ್ನ ಬುಡಂಗಿಲ್ಲ ಕಣ್ರಮ್ಮ, ಕ್ಯಾಮ್ರಾ ಅದೆ ಅಂದಳು. ನಮ್ಮವ್ವ ಹೊಸಿಲಾಚೆ ನಿಂತು ಎರಡೂ ಕೈಯಲ್ಲಿ ಎಲೆ ಚಾಚಿದಳು. ಅವಳು ಒಳಗಿನಿಂದ ಇಸಿದುಕೊಂಡಳು.

ಒಳಗೆ ಡಬ್ಬಗಳನ್ನು ಪಕ್ಕಕ್ಕೆ ಎಳೆದ ಸದ್ದು ಕೇಳಿಸಿತು. ನೀರು ಚಿಮುಕಿಸಿದ ಸದ್ದು. ಆಮೇಲೆ ಏನೂ ಇಲ್ಲ. ಓಡಾಡುವವರು ನಮ್ಮಿಬ್ಬರನ್ನೂ ನೋಡಿಕೊಂಡು ಹೋದರು. ನಮ್ಮವ್ವ ಕಸದ ರೂಮಿನ ಬಾಗಿಲಲ್ಲಿ, ಹಿಂದೆ ಹಳೇಮಗನ ಮನೆಯವರು ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದ ಹಾಗೆ, ಕೈ ಕಟ್ಟಿಕೊಂಡು ನಿಂತಿದ್ದಳು.

“ಉಂಡ್ರೇನಮ್ಮಿ?” ಅಂತ ಕೊನೆಗೆ ಕೇಳಿದಳು.

ಒಳಗಿನಿಂದ ಉತ್ತರ ಬಂತು.

“ಊ ಕಣ್ರಮ್ಮ, ಹೊಟ್ಟೆ ತುಂಬ್ತಂತೆ. ಓಗಿ ಎಡೆ ಎತ್ಕಳಿ.”